ಹೊರೆಗಲ್ಲಿನ ಉಸಿರು

ಹೊರೆ ಇಳಿಸುವುದು ಒಬ್ಬರಿಂದಾದೀತು, ತಲೆಗೇರಿಸಲು ಮಾತ್ರ ಇನ್ನೊಬ್ಬರ ಕೈ ಬೇಕು. ಇನ್ನೊಬ್ಬರಿಲ್ಲದ ದಾರಿಗಳಿಗೆಂದೇ ಹಿಂದಿನವರು ಹೊರೆಗಲ್ಲು ನಿಲ್ಲಿಸಿದರು: ಎರಡು ಕಂಬ, ಮೇಲೊಂದು ಚಪ್ಪಡಿ. ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ತಲೆಯೊಡ್ಡಿ ಮತ್ತೆ ಹೊರಡಬಹುದು. ಆದರೆ ಹೊರೆ ಇಳಿಸಿದವನು ಅಲ್ಲೇ ಜೀವ ಬಿಟ್ಟರೆ? ಅವನು ಆ ಕಲ್ಲಿನ ದಾರಿ ಬಿಟ್ಟು ಹೋಗಲಾರ. ಹಾಯ್ದು ಹೋಗುವವರನ್ನೆಲ್ಲ "ಒಂದೀಟು ಎತ್ತಸ್ರಿ" ಎಂದು ಬೇಡುತ್ತಾನೆ. ಎತ್ತಿಸಿದವರಿಗೆ ಅವನ ಭಾರ ಅಂಟುತ್ತದೆ. ಮುದುಕಿಯರು ಹಾಗೆ ಹೇಳುತ್ತಿದ್ದರು.

ಮೂಡಲಗಿ ಕಡೆಯ ಹಳ್ಳದ ದಾರಿಯಲ್ಲಿ ಹಾಗೆ ಜೀವ ಬಿಟ್ಟವನು ಕೆಂಪವ್ವನ ಗಂಡ ಲಗಮಣ್ಣ. ಗಂಡ ಹೆಂಡತಿ ಇಬ್ಬರೂ ಬೆಲ್ಲದ ಗಾಣದಲ್ಲಿ ಒಲೆಗೆ ರವದಿ ಹಾಕುವವರು. ಕಬ್ಬಿನ ಒಣಗರಿಯ ಆ ಹೊಗೆ ವರ್ಷ ವರ್ಷ ಎದೆಗಿಳಿದು, ಮೊದಲು ಅವನಿಗೆ ದಮ್ಮು ಹತ್ತಿತು. ಒಂದು ಸಂಜೆ ರವದಿಯ ಹೊರೆಯನ್ನು ಕಲ್ಲಿನ ಮೇಲಿಟ್ಟು ಕೂತವನು ಏಳಲಿಲ್ಲ. ಆಮೇಲೆ ದಮ್ಮಿನ ಸರದಿ ಅವಳದಾಯಿತು. ಕೆಂಪವ್ವ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಳು.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ವರ್ಷ ಅವಳನ್ನು ಚಕ್ಕಡಿಯಲ್ಲಿ ಗೋಕಾಕಕ್ಕೆ ಒಯ್ದರು. ಅಲ್ಲಿಯ ಎಳೆಯ ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿ, ಔಷಧಿಗಿಂತ ಮೊದಲು ಬುದ್ಧಿಮಾತು ಹೇಳಿದರು.

"ಮಲಗಿದ್ರ ಕಾಲು ನಡಿಗಿ ಮರೀತಾವ, ಯವ್ವಾ. ದಿನಾ ನಡಿ. ದಮ್ಮು ಹತ್ತಿದಲ್ಲಿ ನಿಂದ್ರು, ಮತ್ತ ನಡಿ. ತುಟಿ ಸಣ್ಣಗ ಮಾಡಿ ಉಸಿರು ಬಿಡು. ಮುಂದ ದೀಪ ಐತಿ ಅನ್ಕೊ. ಅಲುಗಬೇಕು, ಆರಬಾರದು."

ಲಗಮಣ್ಣನ ಅಕ್ಕ ಕಾಶೆವ್ವ ಇದನ್ನು ಕೇಳಿ ಹಣೆ ಬಡಿದುಕೊಂಡಳು. "ದಮ್ಮಿನವರನ್ನ ನಡಸೋ ಡಾಕ್ಟರ್‌ನ ಇವತ್ತ ಕೇಳಿದೆ! ಮೀನಿಗೆ ಗಿಡ ಹತ್ತು ಅಂದಂಗಾತು. ನನ್ನ ತಮ್ಮನೂ ನಡಕೊಂತನ ಹ್ವಾದ, ಕೆಂಪಿ."

"ಮಗಳು ಸಾವಂತ್ರಿಗೆ ದಿನ ತುಂಬಾಕತ್ತಾವ, ಯಕ್ಕಾ. ಬಯಕಿ ಬುತ್ತಿ ಒಯ್ಯಬೇಕಲ್ಲ."

"ನಾ ಒಯ್ತೀನಿ. ನನಗೇನು ಕಾಲಿಲ್ಲೇನು?"

"ನೀ ಒಯ್ದ್ರ ಆಕಿ ಬಿಚ್ಚಂಗಿಲ್ಲ. ಅಪ್ಪ ಹ್ವಾದ, ಅವ್ವಾನೂ ಹಾಸಿಗಿ ಹಿಡದ್ಲು ಅಂತ ಅಳಕೊಂತ ಕುಂತಾಳಂತ. ನನ್ನ ಕಾಲ ಮ್ಯಾಲ ನಾ ಹೋಗಿ ನಿಂತ್ರನ ಆಕಿ ಉಣ್ಣೂದು."

ಮಗಳು ಸಾವಂತ್ರೆವ್ವನನ್ನು ಕೊಟ್ಟದ್ದು ಹಳ್ಳದಾಚೆಯ ಊರಿಗೆ. ದಾರಿ ಆ ಕಲ್ಲಿನ ಬಾಜೂದಿಂದಲೇ.

ಮೊದಲ ದಿನ ಅದೇ ದಾರಿಯಲ್ಲಿ ಬೇವಿನ ಗಿಡದ ತನಕ ಹೋದಳು. ಕೆಲ ದಿನಗಳಲ್ಲಿ ಬಾವಿ ಬಂತು. ಬಾವಿಯ ಕಟ್ಟೆ ಹಿಡಿದು ನಿಂತಾಗ ಹಿಂದೆ ಯಾರೋ ಉಸಿರಾಡಿದ್ದು ಕೇಳಿತು. ಕೊನೆಗೊಂದು ಸಣ್ಣ ಸಿಳ್ಳು, ಹಸಿ ರವದಿ ಬೆಂಕಿಗೆ ಬಿದ್ದಾಗ ಏಳುತ್ತದಲ್ಲ, ಅಂಥದು. ಅವಳು ನಿಂತರೆ ಅದು ಒಂದು ಗಳಿಗೆ ತಡೆದು ನಿಲ್ಲುತ್ತಿತ್ತು. ನಡೆದರೆ ನಡೆಯುತ್ತಿತ್ತು.

ಮಣ್ಣು ಕೊಟ್ಟು ಬಂದ ಮೇಲೆ ತಿರುಗಿ ನೋಡಬಾರದು. ಅವಳು ನೋಡಲಿಲ್ಲ. ನೋಡದೆಯೂ ಗೊತ್ತಿತ್ತು.

ಇದ್ದಾಗ ಅವನು ಯಾವಾಗಲೂ ಮುಂದೆ, ಅವಳು ಹಿಂದೆ. ಕೊನೆಯ ವರ್ಷ ಅವನ ಕಾಲು ಸೋತಾಗಲೂ ಅವಳು ಮುಂದಾಗಲಿಲ್ಲ. "ಮುಳ್ಳು ಚುಚ್ಚೇತಿ, ತಡೀರಿ" ಎಂದು ನೆವ ಹೇಳಿ ಬಗ್ಗುತ್ತಿದ್ದಳು, ಅವನು ನಾಚಿಕೆಯಿಲ್ಲದೆ ದಮ್ಮು ಆರಿಸಿಕೊಳ್ಳಲಿ ಎಂದು. ಈಗ ಅವನು ಹಿಂದೆ. ರೋಮ ನಿಮಿರಿದರೂ ಕೆಂಪವ್ವ ದೀಪ ಊದುತ್ತ ನಡೆದಳು. ದಿನ ಕಳೆದಂತೆ ಹಿಂದಿನ ಉಸಿರೂ ಉದ್ದವಾಯಿತು, ಸಿಳ್ಳು ಸಣ್ಣಗಾಯಿತು. ಅವನೂ ಕಲಿಯಾಕತ್ತಾನ ಎಂದುಕೊಂಡಳು. ಯಾರಿಗೂ ಹೇಳಲಿಲ್ಲ.

ಬುತ್ತಿಯ ದಿನ ಬಂತು. ಸಜ್ಜಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಬೆಲ್ಲದ ಹೋಳಿಗೆ. ತಲೆಯ ಮೇಲಿನ ಬಟ್ಟೆಯ ಸಿಂಬಿಗೆ ಬುಟ್ಟಿ ಏರಿಸಿಕೊಟ್ಟ ಕಾಶೆವ್ವ, "ನಾನೂ ಬರ್ತೀನಿ" ಎಂದಳು.

"ಬ್ಯಾಡ. ನೀ ಮಾತಾಡಸ್ತಿ. ಮಾತಿಗೂ ನಡಿಗಿಗೂ ಸಾಲುವಷ್ಟು ಉಸಿರು ನನ್ನ ಕಡೆ ಇಲ್ಲ."

ಹೊರೆಗಲ್ಲು ಮುಟ್ಟಿದಾಗ ನೆತ್ತಿಯ ಮೇಲೆ ಸೂರ್ಯ. ಸುತ್ತ ಕಬ್ಬು, ನರಪಿಳ್ಳೆಯಿಲ್ಲ. ದಮ್ಮು ಗಂಟಲಿಗೆ ಬಂದಿತ್ತು. ಬುಟ್ಟಿ ಇಳಿಸಿದಳು. ಇಳಿಸಿದ ಮೇಲೆ ತಪ್ಪು ತಿಳಿಯಿತು. ಎರಡೂ ಕಂಬ ಮಣ್ಣಿಗೆ ಕುಸಿದು ಚಪ್ಪಡಿ ಸೊಂಟದ ಮಟ್ಟಕ್ಕೆ ಬಂದಿತ್ತು. ತೋಳು ಮೇಲೆತ್ತಿದ ಕೂಡಲೇ ಎದೆ ಬಾಗಿಲು ಹಾಕಿಕೊಂಡಿತು. ಇನ್ನೊಮ್ಮೆ ಎತ್ತಿದಳು. ಕಣ್ಣು ಕತ್ತಲಿಟ್ಟಿತು. ಹಳ್ಳದಾಚೆ ಮಗಳ ಊರಿನ ಹೊಗೆ ಕಾಣುತ್ತಿತ್ತು.

ಬೆನ್ನ ಹಿಂದೆ ಉಸಿರು ಬಂದು ನಿಂತಿತು. ಈಗ ಬೇಡುತ್ತಾನೆ, ಎತ್ತಸು ಅನ್ನುತ್ತಾನೆ ಎಂದು ಕೆಂಪವ್ವ ಕಾದಳು. ಅವನು ಬೇಡಲಿಲ್ಲ. ಇದ್ದಾಗಲೂ ಯಾರನ್ನೂ ಬೇಡಿದವನಲ್ಲ.

ಒಂದು ಹೋಳಿಗೆ ತೆಗೆದು ಚಪ್ಪಡಿಯ ಮೇಲಿಟ್ಟಳು. ಕಣ್ಣು ಮುಚ್ಚಿ ಬುಟ್ಟಿಗೆ ಕೈ ಹಾಕಿದಳು.

"ಮಗಳ ಬುತ್ತಿ ಐತ್ರಿ," ಅಂದಳು. "ಒಂದೀಟು ಎತ್ತಸ್ರಿ."

ಉಸಿರು ಬಿಡುತ್ತ ಎತ್ತಿದಳು. ಬುಟ್ಟಿ ಏರಿತು. ಇನ್ನೊಂದು ಬದಿಯಿಂದ ಯಾರೋ ಹಿಡಿದ ಹಾಗೆ, ಓಲದೆ, ಹಿಂಡಿಯ ಪುಡಿ ಸಹ ಚೆಲ್ಲದೆ ಸಿಂಬಿಯ ಮೇಲೆ ಕೂತಿತು.

ಹೊಸ್ತಿಲಲ್ಲಿ ಸಾವಂತ್ರೆವ್ವ ತಾಯಿಯ ಕಾಲನ್ನೇ ನೋಡಿದಳು, ಧೂಳು ಮೆತ್ತಿದ ಕಾಲು. ಆಮೇಲೆ ಅಳುತ್ತ, ನಗುತ್ತ, ಬುತ್ತಿ ಬಿಚ್ಚಿ ಉಂಡಳು. "ಬುಟ್ಟಿ ಯಾರು ಎತ್ತಿಸಿಕೊಟ್ರು ಯವ್ವಾ?" ಎಂದಾಗ ಕೆಂಪವ್ವ ದಮ್ಮಿನ ನೆವ ಮಾಡಿ ದೀಪ ಊದಿದಳು.

ಬಿಸಿಲು ಇಳಿದ ಮೇಲೆ ಖಾಲಿ ಬುಟ್ಟಿಯೊಂದಿಗೆ ತಿರುಗಿ ಬರುವಾಗ ಕಲ್ಲಿನ ಮೇಲೆ ಹೋಳಿಗೆ ಇರಲಿಲ್ಲ. ಕಾಗೆ ಒಯ್ದಿರಬಹುದು. ಅವಳು ಕಲ್ಲು ದಾಟಿ ಸ್ವಲ್ಪ ನಡೆದು ನಿಂತಳು. ಕಿವಿಗೊಟ್ಟಳು. ಕಬ್ಬಿನ ಗರಿ ಅಲುಗಿತು, ಅಷ್ಟೆ.

ಹೊರೆ ಮುಟ್ಟಬೇಕಾದಲ್ಲಿಗೆ ಮುಟ್ಟಿತ್ತು. ಅವನಿಗೆ ಇನ್ನು ಕಲ್ಲಿನ ಕಟ್ಟು ಇರಲಿಲ್ಲ. ಕೆಂಪವ್ವನಿಗೆ ಆ ದಾರಿ ಮೊದಲ ಬಾರಿ ಉದ್ದವೆನಿಸಿತು.

"ಮುಳ್ಳು ಚುಚ್ಚೇತಿ," ಎಂದು ಮೆಲ್ಲಗೆ ಹೇಳಿ ಬಗ್ಗಿದಳು. "ತಡೀರಿ."

ಬಗ್ಗಿಯೇ ಇದ್ದಳು, ಬಹಳ ಹೊತ್ತು. ಕೇಳಿದ್ದು ಒಂದೇ ಉಸಿರು, ಅವಳದು.