ಪಿನ್ನು ಹಿಡಿಸಿದರೆ ಸಾಲದು, ವೋಲ್ಟ್ ಹೊಂದಬೇಕು

ವಾರದ ರಜೆ ಎಂದು ಕಾಲು ಚಾಚಿ ಕೂತಿದ್ದ ಬಸ್ ಡ್ರೈವರನನ್ನು ಹೆಂಡತಿ ಅಡುಗೆಮನೆಗೆ ಕರೆದಳು. ಮೂಲೆಯಲ್ಲಿದ್ದ, ಕರೆಂಟಿನಿಂದ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಫ್ಯಾನ್ ನಿಂತುಹೋಗಿತ್ತು. ಗೋಡೆಗೆ ಸಿಕ್ಕಿಸಿದ್ದ ಅಡಾಪ್ಟರ್ ಸುಟ್ಟು ವಾಸನೆ ಬರುತ್ತಿತ್ತು. ಪೆಟ್ಟಿಗೆಯೊಳಗೆ ಅವಳು ಮರಿ ಮಾಡಿಸಲು ಇಟ್ಟ ಕೋಳಿಮೊಟ್ಟೆಗಳು. ಒಂದೆರಡರಲ್ಲಿ ಆಗಲೇ ಬಿರುಕು ಮೂಡಿತ್ತು. ಕಿವಿಗೊಟ್ಟರೆ ಒಳಗಿನಿಂದ ಚಿಂವ್ ಚಿಂವ್ ಕೇಳುತ್ತಿತ್ತು. ಶಾಖ ಪೂರ್ತಿ ಆರಿದರೆ ಆ ದನಿಯೂ ಆರುತ್ತಿತ್ತು.

ಡ್ರೈವರ್ ಗಾಬರಿ ಬೀಳುವ ಆಸಾಮಿಯಲ್ಲ. ಅಟ್ಟ ತಡಕಾಡಿ, ಹಳೆಯ ಲ್ಯಾಪ್‌ಟಾಪಿನ ಚಾರ್ಜರ್ ಹುಡುಕಿ ತಂದ. ಅದರ ಪಿನ್ನು ಪೆಟ್ಟಿಗೆಯ ತೂತಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಇನ್ನೇನು ಸ್ವಿಚ್ ಹಾಕಬೇಕು, ಹೆಂಡತಿ ಕೈ ಹಿಡಿದಳು. ಪೆಟ್ಟಿಗೆಗೆ ಕಂಬಳಿ ಹೊದಿಸಿ, ಪಕ್ಕದ ಬೀದಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ತಂಗಿಗೆ ಅವಳು ಆಗಲೇ ಫೋನ್ ಮಾಡಿದ್ದಳು. ಇಷ್ಟಕ್ಕೆಲ್ಲ ನಾದಿನಿ ಬರಬೇಕೇ ಎಂದು ಡ್ರೈವರ್ ಮೂಗು ಮುರಿದ.

ನಾದಿನಿ ಬಂದವಳೇ ಮೊದಲು ಪಿನ್ನು ಕಿತ್ತಳು.

"ಭಾವ, ಈ ಚಾರ್ಜರ್ ಹತ್ತೊಂಬತ್ತು ವೋಲ್ಟಿಂದು. ಪೆಟ್ಟಿಗೆಯ ಬೋರ್ಡಿಗೆ ಬೇಕಿರೋದು ಹನ್ನೆರಡು."

"ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ? ನನ್ನ ಬಸ್ಸಲ್ಲಿ ಇಪ್ಪತ್ನಾಲ್ಕು ಓಡ್ತದೆ, ಏನಾಗಿದೆ?"

"ಸರಿ, ಆ ಬಸ್ಸಿಗೆ ಕಾರಿನ ಬಲ್ಬು ಹಾಕ್ತೀರಾ?"

ಡ್ರೈವರ್ ನಕ್ಕುಬಿಟ್ಟ. "ಹಾಕಿದ್ರೆ ಫಟ್ ಅಂತ ಹೋಗ್ತದೆ. ಕಾರಿಂದು ಹನ್ನೆರಡರ ಬಲ್ಬು..." ಎಂದವನು ಮಾತನ್ನು ಅಲ್ಲೇ ನಿಲ್ಲಿಸಿದ. ತನ್ನ ಮಾತು ತನ್ನ ಕಿವಿಗೇ ಬಿದ್ದಿತ್ತು.

ನಾದಿನಿ ನಗಲಿಲ್ಲ. ಮುಚ್ಚಳ ಬಿಚ್ಚಿ ಅಂಗೈಯಗಲದ ಸರ್ಕ್ಯೂಟ್ ಬೋರ್ಡನ್ನು ತೋರಿಸಿದಳು. ಅದರ ಮೇಲೆ ಸಾಸಿವೆಯಷ್ಟು, ಅಕ್ಕಿಕಾಳಿನಷ್ಟು ಸಣ್ಣ ಭಾಗಗಳು. ಅಂಟಿಸಿದ್ದ ಚೀಟಿಯಲ್ಲಿ ಕನಿಷ್ಠ ಹನ್ನೊಂದು, ಗರಿಷ್ಠ ಹದಿಮೂರು ವೋಲ್ಟ್ ಎಂದಿತ್ತು. ಮೇಲಿನ ಮಿತಿ ದಾಟಿದರೆ ಆ ಭಾಗಗಳು ಕಾದು ಸುಟ್ಟುಹೋಗುತ್ತವೆ, ಬೆಂಕಿಯೂ ಹತ್ತಬಹುದು. ಕೆಳಗಿನ ಮಿತಿಗಿಂತಲೂ ಇಳಿದರೆ ಫ್ಯಾನು ತಿರುಗಲು ಮುನಿಸಿಕೊಳ್ಳುತ್ತದೆ ಎಂದಳು. ಆಂಪಿಯರ್, ಅಂದರೆ ಅಡಾಪ್ಟರ್ ಕೊಡಬಲ್ಲ ಕರೆಂಟು, ಬೇಕಾದ್ದಕ್ಕಿಂತ ಹೆಚ್ಚಿದ್ದರೆ ಚಿಂತೆಯಿಲ್ಲ, ಬೋರ್ಡು ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ವೋಲ್ಟ್ ಹಾಗಲ್ಲ, ಬೇಡವೆಂದರೂ ಒಳಗೆ ನುಗ್ಗುತ್ತದೆ.

ಈಗೇನು ಮಾಡುವುದೆಂದು ಡ್ರೈವರನೇ ಯೋಚಿಸಿದ. ಸ್ಕೂಟರಿನ ಬ್ಯಾಟರಿ ಹನ್ನೆರಡರದ್ದಲ್ಲವೇ ಎಂದು ಕೇಳಿ, ಬಿಚ್ಚಿಕೊಂಡು ಬಂದ. ನಾದಿನಿ ವೋಲ್ಟ್ ಅಳೆಯುವ ಮೀಟರನ್ನು ಅವನ ಕೈಗೇ ಕೊಟ್ಟಳು. ಹನ್ನೆರಡೂವರೆ ತೋರಿಸಿತು. ಫ್ಯೂಸ್ ಇದ್ದ ವೈರಿನಲ್ಲಿ, ಪ್ಲಸ್ ಪ್ಲಸ್ಸಿಗೆ, ಮೈನಸ್ ಮೈನಸ್ಸಿಗೆ ನೋಡಿ ಜೋಡಿಸಿದರು. ಬ್ಯಾಟರಿಯನ್ನು ಪೆಟ್ಟಿಗೆಗೆ ಕೊಟ್ಟಿರುವಾಗ ಚಾರ್ಜಿಗೆ ಹಾಕಬೇಡಿ, ಆಗ ವೋಲ್ಟ್ ಹದಿನಾಲ್ಕು ದಾಟುತ್ತದೆ ಎಂದು ನಾದಿನಿ ಎಚ್ಚರಿಸಿದಳು.

ಪೆಟ್ಟಿಗೆಯ ಮೇಲೆ ಶಾಖ ತೋರಿಸುವ ಅಂಕಿಗಳು ಬೆಳಗಿದವು. ಫ್ಯಾನು ಗುಂಯ್ ಎಂದಿತು. ಹೆಂಡತಿಗೆ ಹೋದ ಜೀವ ಬಂದ ಹಾಗಾಯಿತು.

ಮಧ್ಯಾಹ್ನ ಡ್ರೈವರ್ ಹೊಸ ಅಡಾಪ್ಟರ್ ತರಲು ಹೋದ. ಅಂಗಡಿಯವನು ಹದಿನೈದು ವೋಲ್ಟಿನದನ್ನು ಮುಂದಿಟ್ಟು, ಪಿನ್ನು ಒಂದೇ, ನಡೆಯುತ್ತದೆ ಎಂದ.

"ಪಿನ್ನು ಹಿಡಿಸಿದ್ರೆ ಸಾಲ್ದು ಸ್ವಾಮಿ. ಹನ್ನೆರಡಿಂದೇ ಕೊಡಿ, ಮೀಟರ್ ಹಿಡಿದು ತೋರ್ಸಿ."

ನೀವು ಎಲೆಕ್ಟ್ರಿಷಿಯನ್ನಾ ಎಂದು ಅಂಗಡಿಯವನು ಕೇಳಿದ. ಅಲ್ಲ, ನಾದಿನಿಯ ಶಿಷ್ಯ ಎಂದು ಡ್ರೈವರ್ ಮೀಸೆ ತಿರುವಿದ.

ಮರುದಿನ ಬೆಳಿಗ್ಗೆ ಮೊದಲ ಮರಿ ಚಿಪ್ಪು ಒದ್ದು ಹೊರಬಂತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಡ್ರೈವರ್ ಡ್ಯೂಟಿಗೆ ಹೊರಡುವುದನ್ನೂ ಮರೆತು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಆ ದಿನ ಬಸ್ಸು ಹತ್ತಿದವರಿಗೆಲ್ಲ ಟಿಕೆಟ್ಟಿನ ಜೊತೆ ವೋಲ್ಟಿನ ಪಾಠವೂ ಸಿಕ್ಕಿತು.

ಓದುತ್ತಿರುವ ನಿಮ್ಮ ಮನೆಯಲ್ಲೂ ಇಂಥ ಪುಟ್ಟ ಬೋರ್ಡುಗಳಿವೆ: ರೇಡಿಯೊದಲ್ಲಿ, ಇಂಟರ್‌ನೆಟ್ ಡಬ್ಬಿಯಲ್ಲಿ, ಮಕ್ಕಳ ಆಟಿಕೆಯಲ್ಲಿ. ಹೊಸ ಅಡಾಪ್ಟರ್ ಸಿಕ್ಕಿಸುವ ಮುನ್ನ ಅದರ ಮೇಲಿನ ಬರಹವನ್ನೂ ಉಪಕರಣದ ಮೇಲಿನ ಬರಹವನ್ನೂ ಓದಿ. ವೋಲ್ಟ್ ಒಂದೇ ಇರಲಿ, ಪ್ಲಸ್ ಮೈನಸ್ ಸರಿಯಿರಲಿ, ಆಂಪಿಯರ್ ಕಡಿಮೆಯಾಗದಿರಲಿ. ಬರಹ ಅಳಿಸಿಹೋಗಿದ್ದರೆ ಬಲ್ಲವರಿಂದ ಅಳತೆ ಮಾಡಿಸಿ. ಅಲ್ಲಿಯವರೆಗೆ ಸ್ವಿಚ್ಚಿಗೆ ಕೈ ಹಾಕಬೇಡಿ.