ತುದಿಯಲ್ಲಲ್ಲ, ಬುಡದಲ್ಲಿ

ಅವಳು ಚಾಚಿದ ಕೊಕ್ಕೆ ಹಗ್ಗದಿಂದ ಮತ್ತೆ ಜಾರಿತು. ತಿಮಿಂಗಿಲ ಬಾಲವನ್ನು ಅಡ್ಡಕ್ಕೆ ಬೀಸಿ ನೀರೊಳಗೆ ಇಳಿಯಿತು. ಅದಕ್ಕೆ ಸುತ್ತಿಕೊಂಡಿದ್ದ ಹಗ್ಗದ ತುದಿಗೆ ಬೆಳಿಗ್ಗೆ ದೋಣಿಯವರೇ ಕಟ್ಟಿದ್ದ, ಇರುವ ಜಾಗ ತಿಳಿಸುವ ಕೆಂಪು ತೇಲುಗುಂಡು ಅದರ ಹಿಂದೆಯೇ ಸಾಗಿತು.

"ಸಾಕು, ಕೂತ್ಕೊ. ಗಡಿ ಬಂತು," ಎಂದು ದೋಣಿ ನಡೆಸುತ್ತಿದ್ದ ಅವಳ ಸೋದರಮಾವ ಇಂಜಿನ್ ನಿಲ್ಲಿಸಿದ.

ಎರಡು ದೇಶಗಳ ನಡುವಿನ ಆ ಗಡಿ ಇದ್ದದ್ದು ಅವನೆದುರಿನ ಪರದೆಯ ಮೇಲೆ ಮಾತ್ರ. ಹೊರಗೆ ನೋಡಿದರೆ ಈಚೆಯ ನೀರೇ ಆಚೆಯೂ. ಅವಳು ಕೊಕ್ಕೆಯನ್ನು ದೋಣಿಯ ತಳಕ್ಕೆ ಎಸೆದಳು. ಬಲೆಗೆ, ಹಗ್ಗಕ್ಕೆ ಸಿಕ್ಕಿದ ಪ್ರಾಣಿಗಳನ್ನು ಬಿಡಿಸುವುದು ಅವಳ ಉದ್ಯೋಗ. ಬಂದರಿನವರು ಅವಳನ್ನು ಕರೆಯುವುದೇ ಕತ್ತರಿ ಎಂದು. ಅವಳ ಬಾಯಿಗೂ ಅದೇ ಹೆಸರು ಸರಿ ಎಂಬುದು ಮಾವನ ಸೇರ್ಪಡೆ. ಇವತ್ತು ಬಾಯಿಯೂ ನಡೆಯಲಿಲ್ಲ, ಕೈಯೂ ನಡೆಯಲಿಲ್ಲ. ಹಗ್ಗ ತಿಮಿಂಗಿಲದ ಬಾಲದ ಬುಡಕ್ಕೆ ಸುತ್ತಿ ಮಾಂಸದೊಳಗೆ ಇಳಿದಿತ್ತು. ಅದರ ಹೊಟ್ಟೆಯಲ್ಲಿ ಮರಿ ಬೇರೆ. ಈಚೆಯ ನೀರಿನಲ್ಲಿ ತಿಂದು ಮೈ ತುಂಬಿಕೊಂಡು, ಆಚೆಯ ಬೆಚ್ಚಗಿನ ಕೊಲ್ಲಿಗೆ ಹೋಗಿ ಹೆರುವುದು ಇವುಗಳ ರೂಢಿ.

ಅದಕ್ಕೇ ಆಚೆಯ ಕರಾವಳಿ ಕಾವಲು ಠಾಣೆಯ ರೇಡಿಯೋದಲ್ಲಿ ಕೂರುವ ಹೆಂಗಸು ಹಿಂದೆಲ್ಲ ಕಾಲೆಳೆಯುತ್ತಿದ್ದಳು: "ನಮ್ದು ತವರು, ನಿಮ್ದು ಗಂಡನ ಮನೆ. ಈ ಸಲಾನೂ ನಮ್ಮ ಮಗಳನ್ನ ಬಡಕಲು ಮಾಡಿ ಕಳ್ಸಿದೀರಲ್ಲ." ಎರಡೂ ದಡದ ಭಾಷೆ ಒಂದೇ. ಕತ್ತರಿ ಅವಳ ಮುಖ ಕಂಡವಳಲ್ಲ, ಆದರೂ ಆಚೆಯಕ್ಕ ಎಂದೇ ಕರೆಯುವುದು. ಎರಡು ಸರ್ಕಾರಗಳ ಒಪ್ಪಂದ ಇದ್ದಾಗ ಅಕ್ಕನ ಕಿವಿಗೆ ಒಂದು ಮಾತು ಹಾಕಿದರೆ ಸಾಕಿತ್ತು, ಅಲ್ಲಿಂದ ದೋಣಿ ಹೊರಡುತ್ತಿತ್ತು. ಆಮೇಲೆ ಹುಲ್ಲುಕಡ್ಡಿಯೂ ಬೆಳೆಯದ ಒಂದು ಬಂಡೆ ಯಾರದೆಂದು ಜಗಳ ಹತ್ತಿ ಒಪ್ಪಂದ ಮೂಲೆ ಸೇರಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಕೂಸು ಇನ್ನೂ ಹೊಟ್ಟೆಯಲ್ಲೇ ಇತ್ತು.

ಕತ್ತರಿ ರೇಡಿಯೋ ಎತ್ತಿಕೊಂಡಳು. "ಅಕ್ಕಾ, ನಾನು. ಒಂದು ಸಹಾಯ ಆಗ್ಬೇಕಿತ್ತು..."

"ಸಹಕಾರದ ಕೋರಿಕೆಗಳನ್ನು ಇಲ್ಲಿ ಸ್ವೀಕರಿಸಲಾಗುವುದಿಲ್ಲ. ರಾಜಧಾನಿಯ ಕಚೇರಿ ಮೂಲಕ ಕಳುಹಿಸಿ." ದನಿ ಅಕ್ಕನದೇ. ಮಾತು ಮಾತ್ರ ಯಾರೋ ಬರೆದುಕೊಟ್ಟದ್ದು.

"ಅವಳ ಪಕ್ಕದಲ್ಲಿ ಯಾರೋ ನಿಂತಿದಾರೆ," ಎಂದ ಮಾವ. "ನೀನು ಆಡೋದನ್ನೆಲ್ಲ ಅವರೂ ಕೇಳ್ತಾರೆ, ನಮ್ಮೋರೂ ಕೇಳ್ತಾರೆ. ಅವಳ ಅನ್ನಕ್ಕೆ ಕಲ್ಲು ಹಾಕ್ಬೇಡ."

"ರಾಜಧಾನಿಯವರು ಕಣ್ಣು ಬಿಡೋ ಹೊತ್ತಿಗೆ ಇದು ಸತ್ತಿರುತ್ತೆ ಮಾವ."

ಅವಳಿಗೆ ಅಳು ಬಂತು. ಅದರ ಜೊತೆಗೇ ಒಂದು ದಾರಿಯೂ ಹೊಳೆಯಿತು. ಹಡಗಿಗೆ ತೊಡಕಾಗುವ ವಸ್ತು ನೀರಿನಲ್ಲಿದ್ದರೆ ಯಾರು ಹೇಳಿದರೂ ಕೇಳಲೇಬೇಕು. ಅದು ಸರ್ಕಾರಗಳಿಗಿಂತ ಹಳೆಯ ಪದ್ಧತಿ. ತಿಮಿಂಗಿಲ ಅಂದರೆ ಸಹಕಾರವಾಗುತ್ತದೆ, ಹಗ್ಗ ಅಂದರೆ ಬರೀ ಅಪಾಯ.

"ಅಪಾಯದ ಸೂಚನೆ. ಕೆಂಪು ತೇಲುಗುಂಡು, ಉದ್ದದ ಹಗ್ಗ, ನಿಮ್ಮ ಕಡೆ ಬರ್ತಿದೆ."

"ಸೂಚನೆ ಸಿಕ್ತು. ದೋಣಿ ಕಳಿಸಿ ಗುಂಡನ್ನ ಕತ್ತರಿಸಿ ತೆಗೆಸ್ತೀವಿ," ಎಂದಿತು ಅಕ್ಕನ ದನಿ.

ಗುಂಡನ್ನಷ್ಟೇ ಕತ್ತರಿಸಿದರೆ ಹಗ್ಗವೆಲ್ಲ ಪ್ರಾಣಿಯ ಮೈಮೇಲೇ ಉಳಿಯುತ್ತದೆ, ಅದನ್ನು ಹುಡುಕಲು ಇದ್ದ ಒಂದೇ ಗುರುತೂ ಹೋಗುತ್ತದೆ. "ತುದಿಯಲ್ಲಲ್ಲ, ಬುಡದಲ್ಲಿ ಕತ್ತರಿಸ್ಬೇಕು," ಎಂದಳು ಕತ್ತರಿ.

"ಬುಡ ಅಂದ್ರೆ?"

ಮಾವ ಬೇಡ ಬೇಡ ಎಂದು ತಲೆಯಾಡಿಸಿದ. ಅವಳು ಅವನಿಗೆ ಬೆನ್ನು ಹಾಕಿದಳು.

"ಅಕ್ಕಾ, ನಿಮ್ಮ ಮಗಳು ತವರಿಗೆ ಬರ್ತಿದಾಳೆ. ದಿನ ತುಂಬಿದೆ. ಕಾಲಿಗೆ ಹಗ್ಗ ಸುತ್ಕೊಂಡಿದೆ."

"ಆಯ್ತಮ್ಮ," ಎಂದಿತು ಅಕ್ಕನ ಹಳೆಯ ದನಿ.

"ಹಾಕಿದೆಯಲ್ಲ ಕಲ್ಲು," ಎಂದ ಮಾವ.

ಪರದೆಯ ಮೇಲೆ ಗುಂಡಿನ ಚುಕ್ಕೆ ಗಡಿಯ ಗೆರೆ ದಾಟಿ ಹೋಯಿತು. ಮಧ್ಯಾಹ್ನ ಕಳೆದ ಮೇಲೆ ಒಂದು ಕಡೆ ನಿಂತಿತು. ಎಲ್ಲಿ ಕತ್ತರಿಸಿದರೆಂದು ಚುಕ್ಕೆ ಹೇಳುವುದಿಲ್ಲ. ಇಬ್ಬರೂ ತಂದ ಬುತ್ತಿಯನ್ನು ಮುಟ್ಟದೆ ಕುಳಿತರು. ಹೊತ್ತು ಇಳಿಯುವಾಗ ನೀರಿನ ಸೆಳೆತ ತಿರುಗಿ, ಆಚೆಯವರು ತೆಗೆಯದೆ ಬಿಟ್ಟಿದ್ದ ಗುಂಡಿನ ಚುಕ್ಕೆ ನಿಧಾನವಾಗಿ ಈಚೆಗೆ ಬರತೊಡಗಿತು. ಗೆರೆ ದಾಟಿದ್ದೇ ಕತ್ತರಿ ಗುಂಡನ್ನು ಕೊಕ್ಕೆಗೆ ಸಿಕ್ಕಿಸಿ ಹಗ್ಗ ಎಳೆಯಲು ನಿಂತಳು.

ಒಂದು ಮಾರು ಬಂತು. ಇನ್ನೊಂದು ಮಾರು. ಹಗ್ಗ ಬರುತ್ತಲೇ ಇತ್ತು, ಪಾಚಿ ಹಿಡಿದು ಜಾರುತ್ತ, ಅವಳ ಕಾಲಬುಡದಲ್ಲಿ ರಾಶಿಯಾಗುತ್ತ. ಕೊನೆಗೆ ಬಳೆಯಂತೆ ಬಾಗಿದ ತುಂಡು ಬಂತು. ಅದಕ್ಕೆ ಕರಿಯ ಚರ್ಮದ ಚೂರು ಅಂಟಿತ್ತು, ತುದಿಯಲ್ಲಿ ಚಾಕುವಿನ ಗುರುತು.

"ಬುಡದಲ್ಲೇ," ಎಂದು ಮಾವ ಮುಖ ಒರೆಸಿಕೊಂಡ.

ಅವಳು ಒದ್ದೆ ಕೈಯಲ್ಲೇ ರೇಡಿಯೋ ಹಿಡಿದಳು. "ಅಕ್ಕಾ."

"ಠಾಣೆ. ಯಾರು ಬೇಕಾಗಿತ್ತು?" ಅದು ಒಬ್ಬ ಗಂಡಸಿನ ದನಿ.

ಅವಳು ಮಾವನನ್ನು ನೋಡಿದಳು. ಅವನು ಬೇರೆಡೆಗೆ ತಿರುಗಿದ.

"ಹವಾಮಾನ ಬೇಕಿತ್ತು," ಎಂದಳು.

ಗಾಳಿ ಕಡಿಮೆ, ಅಲೆ ಕಡಿಮೆ, ನಾಳೆಯೂ ಹೀಗೇ ಎಂದು ಅವನು ಓದುತ್ತಾ ಹೋದ. ಅವಳು ತೊಡೆಯ ಮೇಲಿದ್ದ ಹಗ್ಗದ ತುಂಡನ್ನು ಎರಡೂ ಕೈಯಲ್ಲಿ ಎಳೆದು ನೇರ ಮಾಡಲು ನೋಡಿದಳು. ಬಿಟ್ಟ ಕೂಡಲೇ ಅದು ಮತ್ತೆ ಬಾಗಿಕೊಂಡಿತು.