ಕುಲೆಗೆ ಗಂಡು ಹುಡುಕಿದ ಭಾನುವಾರ

ಮೌರಿಸನ ಪುಸ್ತಕದಲ್ಲಿ ನೂರಾರು ರಾಕ್ಷಸರಿದ್ದರು. ಒಬ್ಬನಿಗೂ ನಮ್ಮ ಊರಿನ ಪರಿಚಯವಿರಲಿಲ್ಲ.

ಅವನ ಅಣ್ಣ ಡೆನಿಸ್ ಹಡಗಿನ ಕೆಲಸದಿಂದ ರಜೆಯಲ್ಲಿ ಬಂದಾಗ ತಂದ ಆಟದ ಪೆಟ್ಟಿಗೆಯಲ್ಲಿದ್ದ ಪುಸ್ತಕ ಅದು. ಎಂಬತ್ತಮೂರನೆಯ ಇಸವಿ. ಒಬ್ಬ ಕುರ್ಚಿಯಲ್ಲಿ ಕುಳಿತು ಕಾಡು, ಕೋಟೆ, ರಾಕ್ಷಸರನ್ನೆಲ್ಲ ಬಾಯಿಮಾತಿನಲ್ಲೇ ಕಟ್ಟಬೇಕು. ಉಳಿದವರು ಕಾಗದದ ಮೇಲೆ ಒಬ್ಬೊಬ್ಬ ವೀರನನ್ನು ಮಾಡಿಕೊಂಡು ಅದರೊಳಗೆ ನುಗ್ಗಬೇಕು. ಗೆದ್ದರೋ ಸತ್ತರೋ ಎಂದು ಹೇಳುವುದು ಇಪ್ಪತ್ತು ಮುಖದ ಒಂದು ದಾಳ. ದಾಳ ಬಿದ್ದರೆ ದಾಳಿ, ಅಷ್ಟೇ.

ಡೆನಿಸ್ ಆಟ ಕಲಿಸಿ ಮತ್ತೆ ಹಡಗು ಹತ್ತಿದ ಮೇಲೆ ಕುರ್ಚಿ ಮೌರಿಸನದಾಯಿತು. ಭಾನುವಾರ ಮಧ್ಯಾಹ್ನ ಇಂದ್ರಾಳಿಯಲ್ಲಿ ಅವನ ಚಿಕ್ಕಮ್ಮ ತೆರೆಸಾ ಮಾವ್ಶಿಯ ಜಗಲಿಯಲ್ಲಿ ನಾವು ನಾಲ್ವರು ಸೇರುತ್ತಿದ್ದೆವು: ಮೌರಿಸ್, ಮಲ್ಪೆಯ ಲೀಲಾಧರ, ಕಾಪುವಿನ ನಳಿನಾಕ್ಷಿ, ಮತ್ತೆ ಕುಕ್ಕುಂದೂರಿನ ನಾನು, ವಿಠಲ. ಮಣಿಪಾಲದಲ್ಲಿ ನಾಲ್ವರಿಗೂ ಒಂದೇ ತರಗತಿ.

ಆಟದಲ್ಲಿ ನನ್ನ ಕೆಲಸ ಸದ್ದು ಮಾಡುವುದು. ಪ್ರಿನ್ಸಿಪಾಲರ ಕೆಮ್ಮು, ಕಾರ್ಕಳ ಬಸ್ಸಿನ ಕಂಡಕ್ಟರನ ಸೀಟಿ, ಮಲ್ಪೆಯ ಹರಾಜಿನ ಕೂಗು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಹಾಗಾಗಿ ಮೌರಿಸ್ ಬೆರಳು ತೋರಿಸಿ, "ವಿಠಲ, ಡ್ರ್ಯಾಗನ್!" ಎಂದರೆ ನಾನು ಗರ್ಜಿಸಬೇಕು. ಗರ್ಜಿಸಿ ಗರ್ಜಿಸಿ ಸಾಕಾಗಿತ್ತು. ನನಗೆ ಆ ಕುರ್ಚಿ ಬೇಕಿತ್ತು.

"ನಿನ್ನ ರಾಕ್ಷಸರನ್ನು ನೋಡಿದರೆ ಹೆದರಿಕೆ ಆಗುವುದಿಲ್ಲ ಮಾರಾಯ," ಎಂದೆ ಒಂದು ದಿನ. "ಹತ್ತು ಸಲ ಕಡಿದರೆ ಸಾಯುತ್ತಾರೆ. ನಮ್ಮ ಊರಿನದ್ದು ಒಂದು ನಾನು ಮಾಡಿ ತರುತ್ತೇನೆ."

"ಮಾಡು," ಎಂದ ಮೌರಿಸ್. "ನನ್ನ ಕತ್ತಿಗೂ ಬೆಂಕಿಗೂ ಬಗ್ಗದಿದ್ದರೆ ಕುರ್ಚಿ ನಿನಗೆ. ಆದರೆ ಶಾಪ ಅಂದ ಮೇಲೆ ವಿಮೋಚನೆ ಇರಬೇಕು. ಗೆಲ್ಲಲಿಕ್ಕೆ ದಾರಿಯೇ ಇಲ್ಲದ್ದನ್ನು ಮಾಡಿ ತಂದರೆ ಅದು ಮೋಸ. ಆಮೇಲೆ ಜನ್ಮಪೂರ್ತಿ ನೀನು ಗರ್ಜಿಸುತ್ತಲೇ ಇರು."

"ದೈವಗಳನ್ನು ಮುಟ್ಟುವ ಹಾಗಿಲ್ಲ," ಎಂದಳು ನಳಿನಾಕ್ಷಿ. "ಅದು ಆಟ ಅಲ್ಲ."

"ಇಲ್ಲ. ದೈವ ದಾಳಕ್ಕಿಲ್ಲ," ಎಂದು ಮಾತು ಕೊಟ್ಟೆ.

ಆ ವಾರವಿಡೀ ಬಸ್ಸಿನಲ್ಲಿ, ತರಗತಿಯಲ್ಲಿ, ಊಟದ ತಟ್ಟೆಯ ಮುಂದೆ ರಾಕ್ಷಸರನ್ನು ಕಟ್ಟಿ ಕೆಡವಿದೆ. ಹತ್ತು ಕೈಯವನೊಬ್ಬನನ್ನು ಮಾಡಿದರೆ ಅವನು ಸೊಸೈಟಿಯ ಸೆಕ್ರೆಟರಿಯ ಹಾಗೆ ಕಂಡ. ಕೋರೆಹಲ್ಲಿನವಳನ್ನು ಮಾಡಿದರೆ ದಂತವೈದ್ಯಕೀಯದವರು ಬಂದು ಕರೆದುಕೊಂಡು ಹೋದಾರು ಅನ್ನಿಸಿತು. ಶುಕ್ರವಾರ ಕಾರ್ಕಳ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹೊಳೆಯಿತು: ನಮ್ಮ ಕಡೆಯ ಭಯಕ್ಕೆ ಹಲ್ಲಿಲ್ಲ, ಹಕ್ಕು ಉಂಟು. ಅದು ತಿನ್ನಲಿಕ್ಕೆ ಬರುವುದಿಲ್ಲ, ಕೇಳಲಿಕ್ಕೆ ಬರುತ್ತದೆ.

ನನ್ನ ಅಮ್ಮನ ಅಕ್ಕ ಮಗುವಾಗಿದ್ದಾಗಲೇ ತೀರಿಕೊಂಡಿದ್ದಳಂತೆ. ನಾನು ಶಾಲೆಗೆ ಹೋಗುವ ಕಾಲಕ್ಕೆ ಮನೆಯಲ್ಲಿ ಒಂದೊಂದೇ ತೊಂದರೆ ಶುರುವಾಯಿತು. ಚಿಕ್ಕಮ್ಮನಿಗೆ ಬಂದ ಸಂಬಂಧಗಳೆಲ್ಲ ಹೊಸ್ತಿಲವರೆಗೆ ಬಂದು ತಿರುಗಿಹೋದವು. ಕೊನೆಗೆ ಹಿರಿಯರು ಹೇಳಿದರು, ಅವಳಿಗೆ ಪ್ರಾಯವಾಗಿದೆ, ಮದುವೆ ಕೇಳುತ್ತಿದ್ದಾಳೆ. ಸತ್ತವರ ಆತ್ಮಕ್ಕೆ ತುಳುವಿನಲ್ಲಿ ಕುಲೆ ಅನ್ನುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ, ಅವಳ ಹಾಗೆಯೇ ಸಣ್ಣದರಲ್ಲಿ ಸತ್ತ ಒಬ್ಬ ಹುಡುಗನನ್ನು ಹುಡುಕಿ, ಎರಡು ಮಣೆಗಳ ಮೇಲೆ ಸೀರೆ ಒಂದು, ಪಂಚೆ ಒಂದು ಇಟ್ಟು, ಮಲ್ಲಿಗೆ, ಬಳೆ, ಕರಿಮಣಿ ಇಟ್ಟು ಮದುವೆ ಮಾಡಿದರು. ಊಟಕ್ಕೆ ಪಾಯಸವೂ ಇತ್ತು. ಅಜ್ಜಿ ಸೀರೆಯ ಸೆರಗನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು.

ಭಾನುವಾರ ಕುರ್ಚಿಯಲ್ಲಿ ನಾನು ಕುಳಿತೆ. ಮೌರಿಸ್ ಒಬ್ಬ ಹೊಸ ಕತ್ತಿವೀರನನ್ನು ಗೀಚಿಕೊಂಡು ಎದುರು ಕೂತ. ಹೊರಗೆ ಆಟಿಯ ಮಳೆ, ಒಳಗೆ ಮಾವ್ಶಿ ಎಣ್ಣೆಯಲ್ಲಿ ಕರಿದ ಬಾಳೆಕಾಯಿ ಪೋಡಿ.

ಒಂದು ಊರು ಕಟ್ಟಿದೆ. ಅಲ್ಲಿ ಒಲೆಗೆ ಬೆಂಕಿ ಹಿಡಿಯುವುದಿಲ್ಲ. ಇಟ್ಟ ಅನ್ನ ಹಳಸುತ್ತದೆ. ಹೆಣ್ಣು ನೋಡಲು ಬಂದವರೆಲ್ಲ ಹೊಸ್ತಿಲಲ್ಲಿ ಎಡವಿ ಹಿಂದಿರುಗುತ್ತಾರೆ. ಊರ ಹೊರಗೆ ಬಾವಿಕಟ್ಟೆಯ ಮೇಲೆ ಒಬ್ಬಳು ಕುಳಿತಿದ್ದಾಳೆ.

"ಕಡಿದೆ!" ಎಂದು ಮೌರಿಸ್ ದಾಳ ಎಸೆದ. ಇಪ್ಪತ್ತು ಬಿತ್ತು! "ನೋಡು! ಅವಳಿಗೆ ಜೀವ ಎಷ್ಟು ಉಂಟು?"

"ಸತ್ತವಳಿಗೆ ಎಂತ ಜೀವ ಮಾರಾಯ? ಕತ್ತಿ ಅವಳ ಮೈ ದಾಟಿ ಆಚೆ ಬಂತು. ಅವಳು ಅಲ್ಲೇ ಇದ್ದಾಳೆ."

ಬೆಂಕಿ ಹಾಕಿದ. ಮಂತ್ರ ಹಾಕಿದ. ಪುಸ್ತಕದಲ್ಲಿದ್ದ ಪವಿತ್ರ ನೀರು ಚಿಮುಕಿಸಿದ. ಅವಳ ಸೆರಗು ಮಾತ್ರ ಒದ್ದೆಯಾಯಿತು.

"ವಿಠಲ, ಕಿರುಚಿಸು ಅವಳನ್ನು, ಒಂದು ಮಜಾ ಆದರೂ ಬರಲಿ," ಎಂದ ಲೀಲಾಧರ ಪೋಡಿ ಅಗಿಯುತ್ತ.

ನಾನು ಕಿರುಚಲಿಲ್ಲ. ಮನೆಯಲ್ಲಿ ಕೇಳಿ ಬೆಳೆದ ಒಂದು ಧ್ವನಿಯನ್ನು ಮೆಲ್ಲಗೆ ತೆಗೆದೆ. "ತಂಗಿಯನ್ನು ನೋಡಲಿಕ್ಕೆ ಬಂದ್ರಾ? ನನ್ನನ್ನು ಒಬ್ಬರೂ ಕೇಳಲಿಲ್ಲ ಅಲ್ವಾ?"

ಲೀಲಾಧರನ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಅಯ್ಯೋ," ಎಂದಳು ನಳಿನಾಕ್ಷಿ. "ಇದು ಕುಲೆ. ಮೌರಿಸ್, ಕತ್ತಿ ಕೆಳಗಿಡು. ಕುಲೆಯನ್ನು ಯಾರಾದರೂ ಕೊಲೆ ಮಾಡುತ್ತಾರಾ? ಅವಳಿಗೆ ಮದುವೆ ಆಗಬೇಕು."

"ಮದುವೆ? ಯಾರ ಜೊತೆ?"

"ನಿನ್ನ ಜೊತೆ ಅಲ್ಲ, ಹೆದರಬೇಡ. ಸತ್ತ ಗಂಡು ಬೇಕು."

ನನ್ನ ಹೃದಯ ಕುಣಿಯಿತು. ಪಕ್ಕದ ಊರಿನಲ್ಲಿ ಒಬ್ಬ ಸತ್ತ ಹುಡುಗನನ್ನು ನಾನು ಮೊದಲೇ ಇಟ್ಟಿದ್ದೆ. ನಳಿನಾಕ್ಷಿಯೂ ಲೀಲಾಧರನೂ ದಾಳ ಉರುಳಿಸಿ, ಹೊಳೆ ದಾಟಿ, ಹುಡುಗನ ಮನೆ ಹುಡುಕಿ, ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದರು. ಮೌರಿಸನ ವೀರ ಮುಖ ಊದಿಸಿಕೊಂಡು ಕುದುರೆ ಕಾಯುತ್ತಿದ್ದ.

"ಹುಡುಗನ ಬರಿ ಯಾವುದು?" ಎಂದಳು ನಳಿನಾಕ್ಷಿ.

ಬರಿ ಎಂದರೆ ತಾಯಿಯಿಂದ ಬರುವ ಕುಲ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವಸರದಲ್ಲಿ ಬಾಯಿಗೆ ಬಂದದ್ದು ಹೇಳಿದೆ. "ಸಾಲ್ಯಾನ್."

"ಹುಡುಗಿಯದ್ದು?"

ಹುಡುಗಿ ನನ್ನ ದೊಡ್ಡಮ್ಮ. ಅವಳ ಬರಿ ನಾಲಿಗೆಯ ಮೇಲೇ ಇತ್ತು. "ಸಾಲ್ಯಾನ್."

ಲೀಲಾಧರ ತಲೆಯ ಮೇಲೆ ಕೈ ಹೊತ್ತ. "ಅಣ್ಣನಿಗೂ ತಂಗಿಗೂ ಮದುವೆ ಮಾಡಿಸಲಿಕ್ಕೆ ಹೊರಟಿದ್ದೀಯಾ ಮಾರಾಯ? ಒಂದೇ ಬರಿ!"

"ಆಗುವುದೇ ಇಲ್ಲ," ಎಂದಳು ನಳಿನಾಕ್ಷಿ. "ಈ ಸಂಬಂಧ ಮಾಡಿದರೆ ಒಂದು ಕುಲೆ ಇದ್ದಲ್ಲಿ ಎರಡು ಆದೀತು."

ಮೌರಿಸ್ ಎದ್ದು ನಿಂತ. "ಅಂದರೆ ದಾರಿ ಇಲ್ಲ. ದಾರಿ ಇಲ್ಲದಿದ್ದರೆ ಮೋಸ. ಏಳು ಕುರ್ಚಿಯಿಂದ. ಗರ್ಜಿಸು."

"ಏಳುವುದಿಲ್ಲ," ಎಂದೆ. ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡೆ. ಹೇಳಿದ ಬರಿಯನ್ನು ಬದಲಿಸುವಂತಿಲ್ಲ. ಕುರ್ಚಿಯಲ್ಲಿ ಕುಳಿತವನ ಬಾಯಿಂದ ಬಂದದ್ದು ಆ ಊರಿನಲ್ಲಿ ಆಗಿಹೋದ ಸಂಗತಿ. ಅದು ಮೌರಿಸನೇ ಮಾಡಿದ ನಿಯಮ. ಬೇರೆ ಗಂಡು ಬೇಕು. ಸತ್ತಿರಬೇಕು, ಮದುವೆಯಾಗಿರಬಾರದು, ಸಾಲ್ಯಾನ್ ಆಗಿರಬಾರದು. ಮೇಜಿನ ಮೇಲೆಲ್ಲ ಕಣ್ಣಾಡಿಸಿದೆ. ಡೆನಿಸನ ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟ ಒಂದು ಕಾಗದ ಕಂಡಿತು.

"ಮೌರಿಸ್, ನಿನ್ನ ಲಿಯೋನೆಲ್ ಸತ್ತು ಎಷ್ಟು ಕಾಲವಾಯಿತು?"

ಮೌರಿಸನ ಮುಖ ಬದಲಾಯಿತು. ಲಿಯೋನೆಲ್ ಅವನ ಮೊದಲ ವೀರ. ಡೆನಿಸ್ ಆಡಿಸುತ್ತಿದ್ದಾಗ ಮೂರು ತಲೆಯ ಹಾವು ಕಚ್ಚಿ ಸತ್ತಿದ್ದ. ಅಂದು ಮೌರಿಸ್ ಪೋಡಿ ಮುಟ್ಟಿರಲಿಲ್ಲ.

"ಅವನ ವಿಷಯ ಯಾಕೆ?"

"ಮದುವೆ ಆಗಿತ್ತಾ?"

"ಎಲ್ಲಿಯ ಮದುವೆ? ಇಡೀ ದಿನ ಯುದ್ಧ."

"ಬರಿ?"

"ಇಂಗ್ಲೆಂಡಿನವನಿಗೆ ಎಂತ ಬರಿ?"

ನಾನು ನಳಿನಾಕ್ಷಿಯನ್ನು ನೋಡಿದೆ. ಅವಳು ತೀರ್ಪು ಕೊಟ್ಟಳು. "ಒಂದೇ ಬರಿ ಅಲ್ಲ. ಅಷ್ಟು ಸಾಕು. ಆದರೆ ಗಂಡಿನ ಕಡೆಯವರು ಒಪ್ಪಬೇಕು."

ಎಲ್ಲರೂ ಮೌರಿಸನ ಕಡೆಗೆ ತಿರುಗಿದೆವು. ಅವನು ಆ ಕಾಗದವನ್ನು ತೆಗೆದು, ಮಡಿಕೆ ಬಿಡಿಸಿ, ತೊಡೆಯ ಮೇಲೆ ನೀವಿದ. ಕುಲೆಯ ಧ್ವನಿಯಲ್ಲಿ ಒಂದು ಮಾತು ಆಡಿ ಅವನನ್ನು ಕರಗಿಸಬಹುದಿತ್ತು. ಆಡಲಿಲ್ಲ. ಒಪ್ಪುವುದಾದರೆ ಅವನಾಗಿಯೇ ಒಪ್ಪಲಿ ಎಂದು ಹಲ್ಲು ಕಚ್ಚಿ ಕುಳಿತೆ.

"ಹುಡುಗಿ ಹೇಗೆ?" ಎಂದು ಕೇಳಿದ ಕೊನೆಗೆ.

"ಒಳ್ಳೆಯವಳು. ಮಾತು ಕಡಿಮೆ."

"ಪಾಪ, ಅವನೂ ಒಬ್ಬನೇ ಇದ್ದಾನೆ," ಎಂದ. ಮರುಕ್ಷಣ ಗಂಡಿನ ಕಡೆಯವನ ಗತ್ತು ಬಂತು. "ಆದರೆ ಬಾವಿಕಟ್ಟೆಯಲ್ಲಿ ಮದುವೆ ನಮಗೆ ಆಗುವುದಿಲ್ಲ. ಚಪ್ಪರ ಹಾಕಬೇಕು."

"ರೋಸ್ ಇಲ್ಲದೆ ನಮ್ಮ ಹುಡುಗ ಮದುವೆ ಆಗುತ್ತಾನಾ ಪುತಾ?" ಎಂದು ತೆರೆಸಾ ಮಾವ್ಶಿ ಬಾಗಿಲಲ್ಲಿ ನಿಂತೇ ಕೇಳಿದರು. ಅಷ್ಟು ಹೊತ್ತೂ ಕಿವಿ ಇಲ್ಲೇ ಇತ್ತು. ರೋಸ್ ಎಂದರೆ ಮದುವೆಯ ಮುಂಚೆ ವರನಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ಒಳಗಿನಿಂದ ಒಂದು ಬಟ್ಟಲು ತೆಂಗಿನಹಾಲು ತಂದೇ ಬಿಟ್ಟರು. ಮೌರಿಸ್ ಬೆರಳದ್ದಿ ಕಾಗದದ ಮೂಲೆಗೆ ಒಂದು ಬೊಟ್ಟು ಇಟ್ಟ.

ನಳಿನಾಕ್ಷಿ ತಲೆಯ ಮಲ್ಲಿಗೆಯಿಂದ ಒಂದು ತುಂಡು ಕಿತ್ತು ಕುಲೆಯನ್ನು ಬರೆದಿದ್ದ ನನ್ನ ಕಾಗದದ ಮೇಲೆ ಇಟ್ಟಳು. ಲೀಲಾಧರ ಎರಡು ಕಾಗದಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಸರಿಸಿದ. ನನ್ನದು ಸ್ವಲ್ಪ ಓರೆಯಾಗಿತ್ತು. ಅಂಚನ್ನು ನಾನು ಸರಿಮಾಡಿದೆ. ಮತ್ತೆ ಸರಿಮಾಡಿದೆ.

"ಊರಿನಲ್ಲಿ ಒಲೆಗೆ ಬೆಂಕಿ ಹಿಡಿಯಿತು," ಎಂದೆ.

ದಾಳವನ್ನು ಯಾರೂ ಮುಟ್ಟಿರಲಿಲ್ಲ.

"ಸೋಲಿಸಿದ್ದು ನಾನೇ, ಗೊತ್ತಾಯಿತಾ?" ಎಂದ ಮೌರಿಸ್, ಪೋಡಿಯ ಬಸಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತ. "ನನ್ನ ಹುಡುಗ ಇಲ್ಲದಿದ್ದರೆ ನಿನ್ನ ಕಥೆ ಮುಗಿದಿತ್ತು."

"ಹೌದು. ಆದರೆ ಕತ್ತಿಯಿಂದಲೂ ಅಲ್ಲ, ಬೆಂಕಿಯಿಂದಲೂ ಅಲ್ಲ."

ಅವನು ಎದುರಿನ ಬೆಂಚಿನಲ್ಲೇ ಕಾಲು ಮಡಚಿ ಸರಿಯಾಗಿ ಕುಳಿತುಕೊಂಡ. ಪುಸ್ತಕವನ್ನು ಮುಚ್ಚಿ ಪೆಟ್ಟಿಗೆಗೆ ಹಾಕಿದ.

"ಹುಡುಗನ ಮಾವನ ಮನೆ ಆಯಿತಲ್ಲ ಈಗ ಅದು," ಎಂದ. "ಆ ಊರಿನಲ್ಲಿ ಇನ್ನು ಯಾರೆಲ್ಲ ಇದ್ದಾರೆ, ಹೇಳು."